ಶಮಶೇರಸಾಬರ ಅರ್ಧದ ಲೆಕ್ಕ

ಶಮಶೇರಸಾಬರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಒಳ್ಳೆಯ ಮನುಷ್ಯರ ಬಗ್ಗೆ ಬರೆಯುವವರು ಮೊದಲು ನಾಲ್ಕು ಮಾತು ಹೊಗಳುತ್ತಾರೆ. ನನಗೆ ಹಾಗೆ ಬರುವುದಿಲ್ಲ. ಹದಿನೆಂಟು ವರ್ಷ ರಾಣೆಬೆನ್ನೂರು ಡಿಪೋದ ಬಸ್ಸುಗಳಲ್ಲಿ ಟಿಕೆಟ್ ಕೊಟ್ಟವಳು ನಾನು, ಪುಷ್ಪಾವತಿ. ಬಾಯಿ ಜೋರು ಅಂತ ಡಿಪೋದಲ್ಲೇ ಹೆಸರಿದೆ. ಅದಕ್ಕೇ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೊಟ್ಟೆಯಲ್ಲಿ ಈಗ ಕೆಲಸ ಮಾಡುತ್ತಿರುವ ಕಿಡ್ನಿ ಮೊದಲು ಬಂದದ್ದು ಅವರಿಗೆ. ಅವರು ಬೇಡ ಅಂದರು.

ಅವರು ಬ್ಯಾಡಗಿಯವರು. ಮೆಣಸಿನಕಾಯಿ ಚೀಲಗಳನ್ನು ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲಿಯಾಗಿ ಸೇರಿ, ಆಮೇಲೆ ಮಷಿನ್ ಆಪರೇಟರ್ ಆದವರು. ಹೊರಗೆ ಏಪ್ರಿಲ್ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತಿದ್ದರೆ, ಇವರು ಒಳಗೆ ಎರಡು ಸ್ವೆಟರ್, ಒಂದು ಮಂಕಿ ಕ್ಯಾಪ್ ಹಾಕಿಕೊಂಡು ಎರಡು ತಾಸಿಗೊಮ್ಮೆ ಥರ್ಮಾಮೀಟರ್ ನೋಡಿ ರಿಜಿಸ್ಟರಿನಲ್ಲಿ ಡಿಗ್ರಿ ಬರೆಯುತ್ತಿದ್ದರು. ಮೂವತ್ತೊಂದು ವರ್ಷ ಇದೇ ಕೆಲಸ. ಒಂದು ದಿನವೂ ಸುಳ್ಳು ಡಿಗ್ರಿ ಬರೆದಿಲ್ಲ ಅಂತ ಅವರೇ ಹೇಳುತ್ತಿದ್ದರು, ಅದೂ ನಾವು ಕೇಳದೇ ಇದ್ದಾಗ.

ಆ ಕೆಲಸ ಕಲಿಸಿದ್ದು ಇಸ್ಮಾಯಿಲಸಾಬ ಅನ್ನುವ ಮುದುಕ ಮೆಕ್ಯಾನಿಕ್. ಅವನು ಶಿಷ್ಯನಿಗೆ ಒಂದು ಲೆಕ್ಕ ಹೇಳಿಕೊಟ್ಟಿದ್ದ. ಕಂಪನಿಯವರು ಏನೇ ಹೇಳಲಿ, ಅದರಲ್ಲಿ ಅರ್ಧ ನಂಬಬೇಕು. ಕರೆಂಟು ಹೋದ ಮೇಲೂ ಕೋಣೆ ಎಂಟು ತಾಸು ತಂಪು ಹಿಡಿಯುತ್ತದೆ ಅಂದರೆ ನಾಲ್ಕು ತಾಸು. ಒಂದು ಬೇಸಿಗೆಯಲ್ಲಿ ಕಂಪ್ರೆಸರ್ ಕೆಟ್ಟು ಐದು ತಾಸು ನಿಂತಿತ್ತು. ಏನೂ ಆಗುವುದಿಲ್ಲ, ಬಾಯಿ ಮುಚ್ಚಿಕೊಂಡಿರು ಅಂದರು ಮಾಲೀಕರು. ಇವರು ಆ ಕೋಣೆಯ ಪ್ರತಿ ಚೀಲದ ಮೇಲೂ ಸುಣ್ಣದಿಂದ ಗೀಟು ಎಳೆದು, ಮಾಲಿಟ್ಟವರಿಗೆಲ್ಲ ತಾವೇ ಫೋನು ಮಾಡಿ ಹೇಳಿದರು. ತಿಂಗಳಾದ ಮೇಲೆ ಬಿಚ್ಚಿ ನೋಡಿದರೆ ಗೀಟಿನ ಚೀಲಗಳೇ ಒಳಗಿಂದ ಕಪ್ಪಾಗಿದ್ದವು. ಅವತ್ತಿನಿಂದ ಶಮಶೇರಸಾಬರು ಒಂದು ಚೀಲದ ಮೇಲೆ ಕೈಯಿಟ್ಟು ಹೂಂ ಅಂದರೆ ಬ್ಯಾಡಗಿಯಲ್ಲಿ ಅದು ಹೂಂ, ಉಹೂಂ ಅಂದರೆ ಉಹೂಂ.

ಇಷ್ಟು ಹುಷಾರಿನ ಮನುಷ್ಯ ತನ್ನ ದೇಹದ ವಿಷಯದಲ್ಲಿ ಶುದ್ಧ ಪೆದ್ದ. ಬಿ.ಪಿ. ಗುಳಿಗೆ ತಗೊಳ್ಳಲಿಲ್ಲ. ತಂಪಿಗೆ ಬೆನ್ನು ಹಿಡಿದಾಗೆಲ್ಲ ಅಂಗಡಿಯಿಂದ ನೋವಿನ ಗುಳಿಗೆ ತಂದು ಹತ್ತು ವರ್ಷ ನುಂಗಿದರು. ಕಡೆಗೆ ಎರಡೂ ಕಿಡ್ನಿ ಕೈಕೊಟ್ಟವು.

ನಾವಿಬ್ಬರೂ ಭೇಟಿಯಾದದ್ದು ಹಾವೇರಿಯ ಡಯಾಲಿಸಿಸ್ ಕೋಣೆಯಲ್ಲಿ. ನನ್ನದು ಕಿಟಕಿ ಪಕ್ಕದ ಹಾಸಿಗೆ, ಅವರದು ಅದರ ಆಚೆ. ಸೋಮವಾರ, ಬುಧವಾರ, ಶನಿವಾರ. ಕೈಗೆ ಎರಡು ದಪ್ಪ ಸೂಜಿ ಚುಚ್ಚಿ, ಮೈಯ ರಕ್ತವನ್ನೆಲ್ಲ ಮಷಿನ್ನಿಗೆ ಕೊಟ್ಟು, ತೊಳೆಸಿ, ವಾಪಸು ತಗೊಳ್ಳಬೇಕು. ನಾಲ್ಕು ತಾಸು ಆ ಕೈ ಅಲ್ಲಾಡಿಸುವಂತಿಲ್ಲ. ಮೂಗಿನ ಮೇಲೆ ನೊಣ ಕೂತರೂ ಇನ್ನೊಂದು ಕೈಯನ್ನೇ ಕರೆಯಬೇಕು. ದಿನಕ್ಕೆ ಇನ್ನೂರು ಕಿಲೋಮೀಟರ್ ನಿಂತೇ ತಿರುಗುತ್ತಿದ್ದ ಹೆಂಗಸು ನಾನು. ಮೊದಲ ಆರು ತಿಂಗಳು ಹಲ್ಲು ಕಚ್ಚಿ ಅತ್ತಿದ್ದೇನೆ. ಒಂದು ಬುಧವಾರ ತಪ್ಪಿದರೆ ಶನಿವಾರದ ಹೊತ್ತಿಗೆ ಉಸಿರು ಕಟ್ಟುತ್ತದೆ. ಐರಣಿಯ ನನ್ನ ತವರಿಗೆ ಹೋದರೂ ಒಂದು ರಾತ್ರಿ ನಿಂತು ಓಡಿಬರಬೇಕು.

ನನ್ನ ಅಳು ನೋಡಿ ಅವರು ಮೊದಲು ಮಾತಾಡಿಸಿದ್ದು ಹೀಗೆ: “ಕಂಡಕ್ಟರ್ ಬಾಯಾರ, ಅಳಬ್ಯಾಡ್ರಿ. ಕಣ್ಣಾಗಿನ ನೀರು ಹೋತಂದ್ರ ಮಷಿನ್ನಿಗೆ ತೂಕದ ಲೆಕ್ಕ ತಪ್ಪತೈತಿ.”

“ನಿಮ್ಮ ಲೆಕ್ಕಕ್ಕ ಬೆಂಕಿ ಹಚ್ಚರಿ ಚಾಚಾ,” ಅಂದೆ. ಅವರು ನಕ್ಕರು, ನಾನೂ ನಕ್ಕೆ. ಎರಡೂವರೆ ವರ್ಷ ಹಾಗೇ ನಡೆಯಿತು. ಬಾಯಾರ ಹೋಗಿ ತಂಗಿ ಆದೆ.

ನಮ್ಮಿಬ್ಬರಿಗೂ ಮನೆಯಲ್ಲಿ ಕಿಡ್ನಿ ಕೊಡುವವರು ಇರಲಿಲ್ಲ. ನನ್ನ ಯಜಮಾನ ಮನೋಹರರ ರಕ್ತದ ಗುಂಪು ನನಗೆ ಹೊಂದಲಿಲ್ಲ. ಶಮಶೇರಸಾಬರ ಹೆಂಡತಿ ಮಹಮೂದಾಬೇಗಂಗೆ ಸಕ್ಕರೆ ಕಾಯಿಲೆ. ಮಗಳು ಶಾಹೀನ್ ತಾನೇ ಮುಂದೆ ಬಂದಳು. ಎರಡು ಸಣ್ಣ ಮಕ್ಕಳ ತಾಯಿಯ ಮೈಗೆ ಕತ್ತರಿ ಹಾಕಿಸೋದಿಲ್ಲ ಅಂತ ಇವರು ಹಟ ಹಿಡಿದರು. ಹಾಗಾಗಿ ಮಿದುಳು ಸತ್ತವರ ಮನೆಯವರು ದಾನ ಕೊಡುವ ಕಿಡ್ನಿಗಾಗಿ ಇಬ್ಬರೂ ಪಟ್ಟಿಯಲ್ಲಿ ಹೆಸರು ಬರೆಸಿದೆವು. ಇಬ್ಬರದೂ ಓ ಗುಂಪು. ಅವರು ನನಗಿಂತ ಏಳು ತಿಂಗಳು ಮೊದಲು ಬರೆಸಿದ್ದರಿಂದ ಪಟ್ಟಿಯಲ್ಲಿ ಅವರು ಮುಂದೆ, ನಾನು ಹಿಂದೆ.

ಬುಧವಾರಕ್ಕೊಮ್ಮೆ ನಮ್ಮನ್ನು ನೋಡಲು ಡಾಕ್ಟರ್ ವಿಜಯಮಹಾಂತೇಶ ಬರುತ್ತಿದ್ದರು. ಉಳಿದವರೆಲ್ಲ ಅವರನ್ನು ಕಾಲು ಬಾತಿದೆ, ಊಟ ಸೇರುವುದಿಲ್ಲ ಅಂತ ಕೇಳಿದರೆ, ಶಮಶೇರಸಾಬರು ಕೇಳಿದ್ದೇ ಬೇರೆ: “ಸಾಹೇಬ್ರ, ಮೈಯಿಂದ ತೆಗದ ಕಿಡ್ನಿ ಇನ್ನೊಬ್ಬರ ಮೈಯಾಗ ಹಾಕೂತನಕ ಹೆಂಗ ಇಡ್ತಾರ್ರಿ? ಎಷ್ಟ ಡಿಗ್ರಿ?”

ಡಾಕ್ಟರಿಗೆ ಖುಷಿಯೋ ಖುಷಿ. ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. ಕಿಡ್ನಿ ತೆಗೆಯುವಾಗಲೇ ಅದರ ರಕ್ತನಾಳದೊಳಗೆ ತಣ್ಣನೆಯ ದ್ರಾವಣ ಹರಿಸಿ ರಕ್ತವನ್ನೆಲ್ಲ ತೊಳೆದುಬಿಡುತ್ತಾರಂತೆ. ಆಮೇಲೆ ಅದೇ ದ್ರಾವಣದ ಚೀಲದಲ್ಲಿ ಮುಳುಗಿಸಿ, ಚೀಲದೊಳಗೆ ಚೀಲ ಇಟ್ಟು, ಐಸಿನ ಪೆಟ್ಟಿಗೆಯಲ್ಲಿ ಹೂತಿಡುತ್ತಾರಂತೆ. ಸುಮಾರು ನಾಲ್ಕು ಡಿಗ್ರಿ.

“ನಮ್ಮ ಮೆಣಸಿನಕಾಯಿದೂ ಅಷ್ಟ,” ಅಂದು ಶಮಶೇರಸಾಬರು ನನ್ನ ಕಡೆ ನೋಡಿದರು, ತಾವೇ ಕಂಡುಹಿಡಿದವರ ಹಾಗೆ.

ದ್ರಾವಣದಲ್ಲಿ ಬಗೆಗಳಿವೆ ಅಂದರು ಡಾಕ್ಟರು. ಹಳೆಯದೊಂದಿತ್ತು, ಅದನ್ನು ಈಗ ಬಳಸುವುದು ಕಡಿಮೆ. ಯು.ಡಬ್ಲ್ಯು. ಅನ್ನುವುದು ಮಂದ, ನಿಧಾನ ಹರಿಯುತ್ತದೆ, ಹೆಚ್ಚು ಹೊತ್ತು ಕಾಯುತ್ತದೆ. ಎಚ್.ಟಿ.ಕೆ. ಅನ್ನುವುದು ನೀರಿನಷ್ಟು ತೆಳು, ಮೂಲೆಮೂಲೆಗೂ ಬೇಗ ಹರಿದು ಬೇಗ ತಂಪು ಮಾಡುತ್ತದೆ, ಆದರೆ ಲೀಟರುಗಟ್ಟಲೆ ಬೇಕು.

“ಎರಡರಾಗ ಯಾವದು ಛಲೋ?” ಇವರ ಪ್ರಶ್ನೆ.

“ಒಂದು ದಿನದೊಳಗ ಕಿಡ್ನಿ ಹಾಕಿದ್ರ ಎರಡೂ ಹೆಚ್ಚೂಕಡಿಮಿ ಒಂದ ರೀ. ಇಪ್ಪತ್ನಾಕ ತಾಸು ದಾಟಿದ್ರ ಮಂದ ಇದ್ದದ್ದ ಛಲೋ. ಆದ್ರ ಒಂದ್ ಮಾತು ಸಾಹೇಬ್ರ, ಇದು ಮೆಣಸಿನಕಾಯಿ ಅಲ್ಲ. ಎಲ್ಲಾ ತಾಸಿನ ಮ್ಯಾಲ ಇರೂದಿಲ್ಲ. ಕಿಡ್ನಿ ಯಾರದು, ಹೆಂಗೈತಿ, ಅದನ್ನೂ ನೋಡ್ತೇವಿ.”

ಕಡೆಯ ಮಾತನ್ನು ಇವರು ಕೇಳಿಸಿಕೊಳ್ಳಲಿಲ್ಲ. ಮಗಳ ಕೈಯಲ್ಲಿ ಉದ್ದನೆಯ ರಿಜಿಸ್ಟರ್ ತರಿಸಿ ಗೆರೆ ಎಳೆದು ಮನೆ ಮಾಡಿದರು. ದ್ರಾವಣದ ಹೆಸರು, ಮಂದವೋ ತೆಳುವೋ, ಎಷ್ಟು ಡಿಗ್ರಿ, ಎಷ್ಟು ತಾಸು. ಎಚ್.ಟಿ.ಕೆ. ಮುಂದೆ ಇಪ್ಪತ್ನಾಲ್ಕು ಬರೆದರು. ಸ್ವಲ್ಪ ಹೊತ್ತು ನೋಡಿ ಅದನ್ನು ಹೊಡೆದುಹಾಕಿ ಹನ್ನೆರಡು ಮಾಡಿದರು.

“ಯಾಕ್ರಿ ಚಾಚಾ, ಡಾಕ್ಟರ್ ಹೇಳಿದ್ದ ಬ್ಯಾರೆ ಅಲ್ಲ?” ಅಂದೆ.

“ಹೇಳಾವ್ರು ಹೇಳ್ತಾರವ್ವಾ. ಅರ್ಧಾ ನಂಬಬೇಕು.”

ನನಗೆ ಆಗ ನಗು ಬಂದಿತ್ತು. ಮಷಿನ್ ನೋಡಿಕೊಳ್ಳುವ ಅಂಜಿನಪ್ಪನಿಗೂ ಆಡಿಕೊಂಡು ಹೇಳಿದೆ. ಆ ರಿಜಿಸ್ಟರನ್ನು ಅವತ್ತೇ ಕಿತ್ತು ಕಿಟಕಿಯಿಂದಾಚೆ ಎಸೆಯಬೇಕಿತ್ತು.

ಕರೆ ಬಂದದ್ದು ಮುಂದಿನ ವರ್ಷದ ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ನಾವಿಬ್ಬರೂ ಮಷಿನ್ನಿಗೆ ಕಟ್ಟಿಸಿಕೊಂಡು ಮಲಗಿದ್ದಾಗ. ಮೊದಲು ಅವರ ಫೋನು. ಹುಬ್ಬಳ್ಳಿಯ ಆಸ್ಪತ್ರೆಯಿಂದ. ಒಂದು ಕಿಡ್ನಿ ಇದೆ, ಕೂಡಲೇ ಹೊರಟು ಬನ್ನಿ. ಅವರ ಮುಖದ ಬಣ್ಣವೇ ಹೋಯಿತು. “ಅಲ್ಲಾ” ಅಂದರು. ಹತ್ತು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಅದೇ ಆಸ್ಪತ್ರೆ, ಅದೇ ಕಿಡ್ನಿ. ಒಬ್ಬರಿಗೆ ಹೊಂದದಿದ್ದರೆ ಇರಲಿ ಅಂತ ಇನ್ನೊಬ್ಬರನ್ನೂ ಕರೆಸುವುದು ಅವರ ಪದ್ಧತಿ. ನಾನು ಎರಡನೆಯವಳು.

ಅಂಜಿನಪ್ಪ ಓಡಿಬಂದು ಇಬ್ಬರ ಸೂಜಿಯನ್ನೂ ಬಿಚ್ಚಿದ. ಶಮಶೇರಸಾಬರ ಅಳಿಯ ಕೈಸರ ತನ್ನ ಕಾರು ತಂದ. ಮುಂದೆ ಅವರು, ಹಿಂದೆ ನಾನು ಮತ್ತು ಮಹಮೂದಾಬೇಗಂ. ಒಂದು ಕಿಡ್ನಿ, ಒಂದು ಕಾರು, ನಾವಿಬ್ಬರು. ಬಂಕಾಪುರ ದಾಟಿತು. ಆಮೇಲೆ ಅವರು ಹಿಂದಕ್ಕೆ ತಿರುಗದೆಯೇ ಕೇಳಿದರು: “ತಂಗಿ, ನನಗ ಸಿಕ್ರ ನಿನಗ ಸಿಟ್ಟ ಬರತೈತೇನು?”

“ಬರತೈತ್ರಿ ಚಾಚಾ.”

“ಖರೇ ಹೇಳಿದಿ,” ಅಂದರು. ಮಹಮೂದಾಬೇಗಂ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಒದ್ದೆಯಾಗಿತ್ತು. ಇವಳ ಗಂಡನಿಗೆ ಹೊಂದದೇ ಹೋಗಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಕೈ ಬಿಡಿಸಿಕೊಳ್ಳುವ ಮನಸ್ಸಾಯಿತು, ಬಿಡಿಸಿಕೊಳ್ಳಲಿಲ್ಲ.

ಹುಬ್ಬಳ್ಳಿಯಲ್ಲಿ ಇಬ್ಬರ ರಕ್ತವನ್ನೂ ತಗೊಂಡು ಹೋದರು. ಹೊಂದಾಣಿಕೆ ನೋಡಲು ಮೂರು ತಾಸು ಹಿಡಿಯಿತು. ನಾಲ್ಕು ಗಂಟೆಗೆ ಸರ್ಜನ್ ಮೇಡಂ ಬಂದರು. ಇಬ್ಬರಿಗೂ ಹೊಂದುತ್ತದೆ, ಪಟ್ಟಿಯಂತೆ ಕಿಡ್ನಿ ಶಮಶೇರಸಾಬರದು. ಮುಚ್ಚುಮರೆ ಇಲ್ಲದೆ ಉಳಿದದ್ದನ್ನೂ ಹೇಳಿದರು. ಹಿಂದಿನ ರಾತ್ರಿ ಹನ್ನೊಂದಕ್ಕೆ ತೆಗೆದ ಕಿಡ್ನಿ. ಬೇರೆ ಊರಿನಲ್ಲಿ ಒಬ್ಬರಿಗೆ ಹಾಕುವುದೆಂದು ಗೊತ್ತುಮಾಡಿದ್ದರು, ಅವರಿಗೆ ಬೆಳಿಗ್ಗೆ ಜ್ವರ ಬಂದು ಇಲ್ಲಿಗೆ ಬಂದಿದೆ.

ಶಮಶೇರಸಾಬರು ಬೆರಳು ಮಡಿಸಿದರು. “ಹದಿನೇಳ ತಾಸು. ಯಾವ ದ್ರಾವಣದಾಗ ಐತ್ರಿ?”

“ಎಚ್.ಟಿ.ಕೆ.”

“ಪೆಟ್ಟಿಗಿ ನಡುವ ತೆಗದಾರೇನ್ರಿ?”

“ಐಸ್ ಬದಲ್ ಮಾಡಾಕ ಒಮ್ಮೆ ತೆಗದಾರ. ಒಳಗಿನ ಚೀಲ ಮುಟ್ಟಿಲ್ಲ. ಶುರುವಿನ ಕೆಲವು ದಿನ ಅದು ಕೆಲಸ ಮಾಡದೇನೂ ಇರಬಹುದು, ಡಯಾಲಿಸಿಸ್ ಬೇಕಾಗಬಹುದು. ಆದ್ರ ನಾವು ನೋಡೇವ್ರಿ, ಕಿಡ್ನಿ ಛಲೋ ಐತಿ. ಹೂಂ ಅನ್ರಿ, ಹೊತ್ತಾಕ್ಕೈತಿ.”

ಅವರು ಕೋಟಿನ ಜೇಬಿಗೆ ಕೈ ಹಾಕಿದರು. ರಿಜಿಸ್ಟರಿನ ಆ ಹಾಳೆಯನ್ನು ಹರಿದು ಮಡಚಿ ಇಟ್ಟುಕೊಂಡಿದ್ದರು ಪುಣ್ಯಾತ್ಮ! ಬಿಡಿಸಿ ಮೇಡಂ ಮುಂದೆ ಹಿಡಿದರು. “ನನ್ನ ಲೆಕ್ಕದಾಗ ಹನ್ನೆರಡು ಐತ್ರಿ. ಐದ್ ತಾಸು ಮೀರೇತಿ. ನನಗ ಬ್ಯಾಡ್ರಿ.”

ಮೇಡಂ ಎಷ್ಟು ಸಮಾಧಾನದಿಂದ ತಿಳಿಸಿ ಹೇಳಿದರು! ಡಾಕ್ಟರ್ ವಿಜಯಮಹಾಂತೇಶರನ್ನು ಫೋನಿಗೆ ಹಿಡಿದು ಕೊಟ್ಟರು. ಅವರು ಆ ಕಡೆಯಿಂದ ಕೂಗಿಕೊಂಡಿದ್ದು ನನಗೂ ಕೇಳಿಸಿತು. ಮಹಮೂದಾಬೇಗಂ ಸೆರಗೊಡ್ಡಿದಳು: “ನಿಮ್ಮ ಕಾಲ ಬೀಳ್ತೇನ್ರಿ, ಹೂಂ ಅನ್ರಿ.”

“ಒಳಗ ಹಾಕಿಸಿಕೊಂಡ ಮ್ಯಾಲ ಕೆಟ್ರ? ಗೋದಾಮ ಅಲ್ಲ ಇದು, ನನ್ನ ಹೊಟ್ಟಿ. ನನಗ ಗೊತ್ತೈತಿ, ನೀ ಸುಮ್ಮನಿರು.”

ಹೆದರಿ ಹೀಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಹೆದರಿಕೆ ಅಲ್ಲ. ಹೆದರಿದವರ ಕಣ್ಣು ನನಗೆ ಗೊತ್ತು. ಅವರ ಮುಖದಲ್ಲಿ ಇದ್ದದ್ದು ಕಪ್ಪಾಗುವ ಚೀಲಕ್ಕೆ ಗೀಟೆಳೆಯುವವನ ಗಟ್ಟಿತನ. ಬೇಡ ಅಂತ ಬರೆದು ಸಹಿ ಮಾಡಿಕೊಟ್ಟರು.

ಸರ್ಜನ್ ಮೇಡಂ ನನ್ನ ಕಡೆ ತಿರುಗಿದರು. ಹೇಳಿದ್ದನ್ನೇ ನನಗೂ ಹೇಳಿ, ಯೋಚನೆ ಮಾಡಲು ಇಪ್ಪತ್ತು ನಿಮಿಷ ಕೊಟ್ಟರು. ನನ್ನ ಯಜಮಾನರು ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಇನ್ನೂ ದಾರಿಯಲ್ಲಿದ್ದರು. ಫೋನು ಹಚ್ಚಿದರೆ “ನೀ ಹೆಂಗಂತಿ ಹಂಗ” ಅಂದರು. ಎಂದೂ ಅಷ್ಟೇ, ಆ ಮನುಷ್ಯನದು.

ಬೆಂಚಿನ ಮೇಲೆ ಕೂತಿದ್ದೆ. ಶಮಶೇರಸಾಬರು ಬಂದು ಪಕ್ಕದಲ್ಲಿ ಕೂತರು. “ತಂಗಿ, ನನ್ನ ಮಾತ ಕೇಳು. ನಾ ಬ್ಯಾಡಂದ ಮಾಲು ನೀ ತಗೋಬ್ಯಾಡ. ನಿನ್ನ ಕೆಟ್ಟದ್ದು ನೋಡಾಕ ನನ್ನ ಕೈಲಿ ಆಗೂದಿಲ್ಲ.”

ಹೊಟ್ಟೆಕಿಚ್ಚಿನಿಂದ ಹೇಳಿದ್ದರೆ ಹೋಗಾಚೆ ಅಂತಿದ್ದೆ. ಅವರ ಕಣ್ಣಲ್ಲಿ ನೀರಿತ್ತು. ಅವರು ಉಹೂಂ ಅಂದದ್ದು ಇದುವರೆಗೆ ಸುಳ್ಳಾಗಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಜೊತೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯೂ ಆಗುತ್ತಿತ್ತು. ನಾನು ತಾಸು ಎಣಿಸಲಿಲ್ಲ, ಡಿಗ್ರಿ ಕೇಳಲಿಲ್ಲ. ಶನಿವಾರ ಮತ್ತೆ ಆ ಕಿಟಕಿ ಪಕ್ಕದ ಹಾಸಿಗೆಗೆ ಹೋಗಿ ಕೈ ಚಾಚಬೇಕಲ್ಲ ಅನ್ನುವುದೊಂದೇ ಕಣ್ಣಮುಂದೆ ಬಂತು. ಎದ್ದು ಹೋಗಿ ಮೇಡಂಗೆ ಹೂಂ ಅಂದೆ. ಹಿಂದೆ ಬೆಂಚಿನ ಮೇಲೆ ಅವರು “ಯಾ ಅಲ್ಲಾ, ಹಾಳಾದ್ಲು” ಅಂದದ್ದು ಕೇಳಿಸಿತು.

ಕಿಡ್ನಿ ಕೂರಿಸಿದರು. ಒಂದು ದಿನ, ಎರಡು ದಿನ, ಐದು ದಿನ, ಒಂದು ಹನಿ ಮೂತ್ರ ಬರಲಿಲ್ಲ. ಹೊಟ್ಟೆಯಲ್ಲಿ ಹೊಸ ಕಿಡ್ನಿ ಇಟ್ಟುಕೊಂಡೇ ಮತ್ತೆ ಡಯಾಲಿಸಿಸ್. ಮೇಡಂ ಮೊದಲೇ ಹೇಳಿದ್ದರು, ಆದರೆ ಹೇಳಿಸಿಕೊಂಡದ್ದು ಬೇರೆ, ಅನುಭವಿಸುವುದು ಬೇರೆ. ಏಳನೆಯ ದಿನ ಹಾವೇರಿಯಿಂದ ಶಮಶೇರಸಾಬರು ಫೋನು ಮಾಡಿದರು. “ನಾ ಹೇಳಿದ್ದೆ ತಂಗಿ,” ಅಂದರು. ದನಿಯಲ್ಲಿ ಗೆದ್ದವರ ಸೊಕ್ಕು ಇರಲಿಲ್ಲ, ಅಳುತ್ತಿದ್ದರು. ನಾನು ಬಾಯಿಗೆ ಬಂದದ್ದು ಬೈದು ಫೋನು ಇಟ್ಟೆ. ಅವರ ಲೆಕ್ಕವೇ ಖರೇ ಆಯಿತೇನೋ ಅಂತ ಆ ರಾತ್ರಿ ಕಣ್ಣು ಮುಚ್ಚಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಮೂತ್ರ ಬಂತು. ಮೊದಲು ಚಮಚದಷ್ಟು. ಸಂಜೆಗೆ ಚೀಲ ಅರ್ಧ ತುಂಬಿತ್ತು. ಮೂರು ದಿನಕ್ಕೆ ನರ್ಸುಗಳು ಚೀಲ ಖಾಲಿ ಮಾಡಿ ಮಾಡಿ ಬೇಸತ್ತರು. ನನ್ನ ಯಜಮಾನರು ಆ ಚೀಲವನ್ನು ಕೈಯಲ್ಲಿ ಎತ್ತಿ ಹಿಡಿದು ವಾರ್ಡಿನವರಿಗೆಲ್ಲ ತೋರಿಸುತ್ತ ನಿಂತಿದ್ದರು. ಹುಚ್ಚ!

ಇದಾಗಿ ಹದಿನಾಲ್ಕು ತಿಂಗಳಾಯಿತು. ನಾನು ಡಿಪೋಗೆ ವಾಪಸಾಗಿದ್ದೇನೆ. ಬಸ್ಸು ಹತ್ತಿಸಿಲ್ಲ, ಪಾಸ್ ಕೊಡುವ ಕಿಟಕಿಯಲ್ಲಿ ಕೂರಿಸಿದ್ದಾರೆ. ಹೋದ ತಿಂಗಳು ಐರಣಿಗೆ ಹೋಗಿ ಆರು ದಿನ ನಿಂತು ಬಂದೆ. ಶಮಶೇರಸಾಬರು ಅದೇ ಹಾಸಿಗೆಯಲ್ಲಿದ್ದಾರೆ, ಸೋಮವಾರ, ಬುಧವಾರ, ಶನಿವಾರ. ಎಡಗೈಯ ರಕ್ತನಾಳ ಕಟ್ಟಿಕೊಂಡು ಬಲಗೈಗೆ ಬಂದಿದ್ದಾರೆ. ಅವರಿಗೆ ಮತ್ತೊಂದು ಕರೆ ಬರಲಿಲ್ಲ. ಅಷ್ಟರಲ್ಲಿ ಹೃದಯದ ಬಲ ಕುಗ್ಗಿತು.

ಕಳೆದ ಬುಧವಾರ ನೋಡಲು ಹೋಗಿದ್ದೆ. ಮಹಮೂದಾಬೇಗಂ ಹೊರಗೆ ಗುಳಿಗೆ ತರಲು ಹೋಗಿದ್ದಳು. ಅವರು ತಗ್ಗಿದ ದನಿಯಲ್ಲಿ ಹೇಳಿದರು: “ಪಟ್ಟಿಯಿಂದ ನನ್ನ ಹೆಸರ ತೆಗದಾರ ತಂಗಿ. ನನ್ನ ಎದಿಗೆ ಆಪರೇಷನ್ ತಡಕೊಳ್ಳಾಕ ಆಗೂದಿಲ್ಲಂತ. ನಮ್ಮಾಕಿಗೆ ಹೇಳಿಲ್ಲ. ಆಕಿ ಇನ್ನೂ ಫೋನ ಎದಿಮ್ಯಾಲ ಇಟ್ಕೊಂಡ ಮಕ್ಕೋತಾಳ.”

ನನಗೆ ಬೈಗುಳವೂ ಬಂತು, ಅಳುವೂ ಬಂತು. “ಯಾಕ್ರಿ ಚಾಚಾ, ಯಾಕ ಹಂಗ ಮಾಡಿದ್ರಿ ಅವತ್ತು?” ಅಂದೆ ಕಡೆಗೆ.

ಅವರು ನನ್ನ ಚೀಲದಿಂದ ಹೊರಗೆ ಇಣುಕುತ್ತಿದ್ದ ನೀರಿನ ಬಾಟಲಿಯನ್ನೇ ನೋಡುತ್ತಿದ್ದರು. ಮೂತ್ರ ನಿಂತವರಿಗೆ ದಿನವಿಡೀ ಸೇರಿ ಅರ್ಧ ಲೀಟರ್ ನೀರು, ಅದರಲ್ಲೇ ಚಹಾ, ಅದರಲ್ಲೇ ಗುಳಿಗೆ. ಅವರ ತುಟಿ ಒಡೆದು ಬಿಳಿಚಿಕೊಂಡಿತ್ತು.

“ನಿನಗ ಎಷ್ಟ ನೀರ ಕುಡೀ ಅಂದಾರ?”

“ಮೂರ್ ಲೀಟರ್ ರೀ.”

“ಖರೇನ?” ಅಂದರು. ಆಮೇಲೆ, “ಕುಡಿ. ಇಲ್ಲೇ ಕುಡಿ, ನಾ ನೋಡ್ತೇನಿ.”

ಬೇಡ ಚಾಚಾ ಅಂದೆ. ಬಾಟಲಿಯನ್ನು ಚೀಲದೊಳಕ್ಕೆ ತಳ್ಳಿದೆ. “ಕುಡಿಯವ್ವಾ” ಅಂತ ಮತ್ತೆ ಅಂದರು. ಅವರು ತಮಗಾಗಿ ನನ್ನನ್ನು ಯಾವತ್ತೂ ಏನೂ ಕೇಳಿದವರಲ್ಲ. ಮುಚ್ಚಳ ತೆಗೆದು ಬಾಯಿಗಿಟ್ಟೆ.  ಸೂಜಿ ಚುಚ್ಚಿದ ಕೈ ಅಲುಗಿಸದೆ, ರೆಪ್ಪೆ ಮುಚ್ಚದೆ ಅವರು ನನ್ನ ಕತ್ತನ್ನೇ ನೋಡುತ್ತಿದ್ದರು. ನಾನು ಒಂದೊಂದು ಗುಟುಕು ನುಂಗಿದಾಗಲೂ ಅವರ ಗಂಟಲಮಣಿ ಮೇಲಕ್ಕೆ ಹೋಗಿ ಕೆಳಗಿಳಿಯುತ್ತಿತ್ತು.

ಬಾಟಲಿ ಖಾಲಿಯಾಯಿತು.

“ಇನ್ನೊಂದ್ ತುಂಬ್ಕೊಂಡ ಬಾ,” ಅಂದರು.

ಎದ್ದು ಹೋಗಿ ತುಂಬಿಸಿಕೊಂಡು ಬಂದೆ.